ಚಳಿಗಾಲ ಪೂರ್ತಿ ನಿಂತ ಕಾರನ್ನು ಮತ್ತೆ ರಸ್ತೆಗೆ ಇಳಿಸುವುದು: ಕೀ ತಿರುಗಿಸುವುದು ಕೊನೆಯ ಕೆಲಸ

ನವೆಂಬರ್‌ನಲ್ಲಿ ಹೊದಿಕೆ ಹೊದಿಸಿ ನಿಲ್ಲಿಸಿದ ಕಾರು. ಈಗ ಏಪ್ರಿಲ್. ಗ್ಯಾರೇಜಿನ ಬಾಗಿಲು ಎತ್ತಿದರೆ ಎಷ್ಟೋ ತಿಂಗಳ ಮೇಲೆ ಬಿಸಿಲು ಒಳಗೆ ಬಂದು ಬೀಳುತ್ತದೆ. ಹೊದಿಕೆ ಎಳೆದು, ಸೀಟಿನಲ್ಲಿ ಕೂತು, ಒಂದು ಸೆಲ್ಫ್ ಹೊಡೆದು ನೋಡೋಣ ಅನ್ನಿಸುತ್ತದೆ. ದಯವಿಟ್ಟು ಹೊಡೆಯಬೇಡಿ.

ಇಲಿ ಕಡಿದ ವೈರಿನಲ್ಲಿ ಕರೆಂಟ್ ಹರಿಯುವುದು, ಗೂಡು ತುಂಬಿದ ಫಿಲ್ಟರಿನ ಮೂಲಕ ಇಂಜಿನ್ ಉಸಿರೆಳೆಯುವುದು, ಕಚ್ಚಿಕೊಂಡ ಬ್ರೇಕಿನ ಮೇಲೆ ಚಕ್ರವನ್ನು ಎಳೆದಾಡುವುದು, ಎಲ್ಲ ಶುರುವಾಗುವುದು ಕೀ ತಿರುಗಿಸಿದ ಮೇಲೆ. ಅಲ್ಲಿಯವರೆಗೆ ಇವೆಲ್ಲ ಸಣ್ಣ ತೊಂದರೆಗಳು. ಕೈಯಿಂದ ತೆಗೆದು ಬಿಸಾಡಬಹುದಾದವು. ಹಾಗಾಗಿ ಈ ಬರಹದಲ್ಲಿ ಇಂಜಿನ್ ಸ್ಟಾರ್ಟ್ ಆಗುವುದು ತುಂಬಾ ತಡವಾಗಿ. ಒಂದು ಶನಿವಾರ ಪೂರ್ತಿ ಇದಕ್ಕೆ ಇಟ್ಟುಕೊಳ್ಳಿ. ಬ್ಯಾಟರಿ ಚಾರ್ಜ್ ಆಗಬೇಕಿದ್ದರೆ ಶುಕ್ರವಾರ ರಾತ್ರಿಯೇ ಶುರು ಮಾಡಿ.

ನಾನು ಇರುವುದು ಕೆನಡಾದ ಒಂಟಾರಿಯೊದಲ್ಲಿ, ಟೊರಾಂಟೊ ಹತ್ತಿರ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಕಾರಿನ ತಳವನ್ನು ತಿಂದು ಹಾಕುತ್ತದೆ. ಅದಕ್ಕೇ ಇಷ್ಟಪಟ್ಟು ಕೊಂಡ ಎರಡನೇ ಕಾರನ್ನು ಅನೇಕರು ಚಳಿಗಾಲದಲ್ಲಿ ಹೊರಗೆ ತೆಗೆಯುವುದೇ ಇಲ್ಲ. ನನ್ನದೂ ಹಾಗೇ. ಆಯುಧ ಪೂಜೆಗೆ ಹೂವು ಕಟ್ಟಿಸಿಕೊಂಡು ಮೆರೆಯುವ ಕಾರು, ಮೊದಲ ಹಿಮ ಬೀಳುವ ಮುಂಚೆ ಒಳಗೆ ಸೇರುತ್ತದೆ.

ಯಾವಾಗ ತೆಗೆಯಬೇಕು?

ಇದೇ ಮೊದಲ ಪ್ರಶ್ನೆ, ಇದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಸಂಜೆ ಬೆಳಕು ಉದ್ದವಾಗುತ್ತದೆ, ಹಿಂದೆಯೇ ಯುಗಾದಿ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಒಳ್ಳೆ ಕಾರಿನಲ್ಲೇ ಹೋಗೋಣ ಅಂತ ಮನಸ್ಸು ಎಳೆಯುತ್ತದೆ. ಆದರೆ ನಮ್ಮ ಪಂಚಾಂಗದ ವಸಂತ ಬೇರೆ, ಒಂಟಾರಿಯೊದ ವಸಂತ ಬೇರೆ. 2018ರ ಯುಗಾದಿ ಮಾರ್ಚ್ 18ಕ್ಕೆ ಇತ್ತು. ಅದಾಗಿ ನಾಲ್ಕು ವಾರದ ಮೇಲೆ, ಏಪ್ರಿಲ್ ಮಧ್ಯದಲ್ಲಿ, ಟೊರಾಂಟೊ ಸುತ್ತ ಮಂಜುಗಡ್ಡೆಯ ಮಳೆ ಸುರಿದು ಊರೆಲ್ಲ ಗಾಜು ಹೊದ್ದ ಹಾಗಾಯಿತು. ಉಪ್ಪಿನ ಲಾರಿಗಳು ಮತ್ತೆ ರಸ್ತೆಗೆ ಬಂದವು.

ನಾನು ನೋಡುವುದು ಎರಡು ಗುರುತು. ಒಂದು, ಹಿಮ ಪೂರ್ತಿ ಕರಗಿದ ಮೇಲೆ ಎರಡು ಮೂರು ಜೋರು ಮಳೆ ಬಂದಿರಬೇಕು. ಒಣಗಿದ ರಸ್ತೆಯ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತಿದೆಯಾ ನೋಡಿ. ಕಂಡರೆ ಉಪ್ಪು ಇನ್ನೂ ಇದೆ. ತಣ್ಣಗಿನ ಜನವರಿಗಿಂತ ಬೆಚ್ಚಗಿನ ಏಪ್ರಿಲ್‌ನಲ್ಲಿ ಉಪ್ಪುನೀರು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಐದು ತಿಂಗಳು ಕಾದು ಕೊನೆಯ ಎರಡು ವಾರ ತಡೆಯದೆ ಹೋದರೆ ಕಾದದ್ದೆಲ್ಲ ಹಾಳು. ಎರಡು, ಕಾರಿಗೆ ಬೇಸಿಗೆ ಟೈರು ಇದ್ದರೆ ಉಷ್ಣಾಂಶ 7 ಡಿಗ್ರಿಗಿಂತ ಮೇಲೆ ನಿಂತಿರಬೇಕು. ಅದಕ್ಕಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ರಸ್ತೆ ಹಿಡಿಯುವುದಿಲ್ಲ. ನನ್ನ ಲೆಕ್ಕದಲ್ಲಿ ಇವೆರಡೂ ಕೂಡಿ ಬರುವುದು ಏಪ್ರಿಲ್ ಕೊನೆಗೆ.

ಕಾಯುವ ದಿನಗಳಲ್ಲಿ ವಿಮೆಯವರಿಗೆ ಒಂದು ಫೋನ್ ಮಾಡಿ. ಒಂಟಾರಿಯೊದಲ್ಲಿ ಚಳಿಗಾಲಕ್ಕೆ ಕಾರು ನಿಲ್ಲಿಸುವವರು ಓಪಿಸಿಎಫ್ 16 ಅನ್ನುವ ಫಾರಂ ಮೂಲಕ ರಸ್ತೆಯ ಮೇಲಿನ ವಿಮೆಯನ್ನು ತಡೆಹಿಡಿಸಿ ದುಡ್ಡು ಉಳಿಸುತ್ತಾರೆ. ಕಳ್ಳತನ, ಬೆಂಕಿಯಂಥದ್ದಕ್ಕೆ ಮಾತ್ರ ರಕ್ಷಣೆ ಉಳಿದಿರುತ್ತದೆ. ಮತ್ತೆ ಶುರು ಮಾಡಿಸಲು ಓಪಿಸಿಎಫ್ 17 ಬೇಕು. ಅದು ಜಾರಿಗೆ ಬಂದಿದೆ ಅಂತ ಬರಹದಲ್ಲಿ ಸಿಗುವ ತನಕ ಮನೆ ಮುಂದಿನ ಬೀದಿಗೂ ಕಾರು ಇಳಿಸಬಾರದು. ಇಲ್ಲಿ ವಿಮೆ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಕನಿಷ್ಠ 5,000 ಡಾಲರ್ ದಂಡ. ಎಲ್ಲಕ್ಕಿಂತ ಮುಖ್ಯ, ಯಾರಿಗಾದರೂ ಪೆಟ್ಟಾದರೆ ಅವರಿಗೆ ಕೊಡಲು ನಮ್ಮ ಹತ್ತಿರ ಏನೂ ಇರುವುದಿಲ್ಲ.

ನೆಲ, ಮೂಗು, ಟಾರ್ಚ್

ನಮ್ಮಪ್ಪನ ಹತ್ತಿರ ಅಂಬಾಸಿಡರ್ ಇತ್ತು. ಬೆಳಿಗ್ಗೆ ಕೀ ಹಾಕುವ ಮುಂಚೆ ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು, ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದರು. ರೇಡಿಯೇಟರಿಗೆ ಒಂದು ಚೊಂಬು ನೀರು. ಆಮೇಲೆ ಬಗ್ಗಿ ಕಾರಿನ ಕೆಳಗೆ ಒಂದು ನೋಟ. ಈಗಿನ ಕಾರಿಗೆ ದಿನಾ ಇದೆಲ್ಲ ಬೇಕಿಲ್ಲ. ಆದರೆ ತಿಂಗಳುಗಟ್ಟಲೆ ನಿಂತ ಕಾರಿಗೆ ಇದೇ ಸರಿಯಾದ ಕ್ರಮ.

ಹೊದಿಕೆಯನ್ನು ಎಳೆದು ಹಾಕಬೇಡಿ. ಮೇಲೆ ಕೂತ ಧೂಳು ಬಣ್ಣದ ಮೇಲೆ ಉಜ್ಜಿ ಗೀರು ಬೀಳುತ್ತದೆ. ಎರಡು ಕಡೆಯಿಂದ ಮಡಚುತ್ತಾ ಧೂಳನ್ನು ಒಳಗೇ ಕಟ್ಟಿ ತೆಗೆಯಿರಿ.

ಮೊದಲು ನೆಲ ನೋಡಿ. ನಿಲ್ಲಿಸುವಾಗ ಕೆಳಗೆ ದೊಡ್ಡ ರಟ್ಟು ಹಾಸಿದ್ದರೆ ಈಗ ಅದು ಎಲ್ಲ ಹೇಳುತ್ತದೆ. ಕಂದು ಅಥವಾ ಕಪ್ಪು ಕಲೆ ಇಂಜಿನ್ ಆಯಿಲ್. ಕೆಂಪಗೆ, ಎಣ್ಣೆ ಜಿಡ್ಡು ಇದ್ದರೆ ಸಾಮಾನ್ಯವಾಗಿ ಆಟೋಮ್ಯಾಟಿಕ್ ಗೇರ್ ಬಾಕ್ಸಿನದು ಅಥವಾ ಪವರ್ ಸ್ಟೀರಿಂಗಿನದು. ಹಸಿರು, ಕಿತ್ತಳೆ, ಗುಲಾಬಿ ಬಣ್ಣದ ಜಾರು ನೀರಾದರೆ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ. ಚಕ್ರದ ಒಳಭಾಗದಲ್ಲಿ ತಿಳಿ ಹಳದಿ ಒದ್ದೆ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಹಾಗಿದ್ದರೆ ಕಾರು ಅಲ್ಲೇ ಇರಲಿ, ಮೆಕ್ಯಾನಿಕ್ ಬರಲಿ ಅಥವಾ ಟೋ ಮಾಡಿಸಿ. ಕೂಲಂಟ್ ಚೆಲ್ಲಿದ್ದರೆ ತಕ್ಷಣ ಒರೆಸಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯದು. ನಾಯಿ ಬೆಕ್ಕು ನೆಕ್ಕಿದರೆ ಜೀವ ಹೋಗುತ್ತದೆ.

ಆಮೇಲೆ ಮೂಗು. ಬಾಗಿಲು ತೆಗೆದು ಒಳಗೆ ತಲೆ ಹಾಕಿ ವಾಸನೆ ನೋಡಿ. ಪೆಟ್ರೋಲ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಲೀಕ್ ಎಲ್ಲಿದೆ ಅಂತ ಮೊದಲು ಗೊತ್ತಾಗಬೇಕು. ಹಸಿ ಮಣ್ಣಿನ ವಾಸನೆ ಬಂದರೆ ಎಲ್ಲೋ ನೀರು ನಿಂತಿದೆ. ಕಾಲಡಿಯ ಕಾರ್ಪೆಟ್ ಒತ್ತಿ ನೋಡಿ. ವೈಪರ್ ಬುಡದ ಜಾಲರಿ, ಸನ್‌ರೂಫಿನ ಮೂಲೆಗಳಲ್ಲಿ ನೀರು ಹರಿದು ಹೋಗುವ ಸಣ್ಣ ತೂತುಗಳಿರುತ್ತವೆ. ಒಣಗಿದ ಎಲೆ ಅಲ್ಲಿ ಕಟ್ಟಿಕೊಳ್ಳುತ್ತದೆ. ಮೂತ್ರದಂಥ ಕಮಟು ವಾಸನೆ ಬಂದರೆ ಮುಂದಿನ ಭಾಗವನ್ನು ನಿಧಾನವಾಗಿ ಓದಿ.

ಇಲಿ

ಊರಲ್ಲೂ ಇಲಿ ಕಾರಿನ ವೈರು ಕಡಿಯುತ್ತದೆ. ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟುವವರನ್ನು ನೀವೂ ನೋಡಿರುತ್ತೀರಿ. ಇಲ್ಲಿನ ಚಳಿಗೆ ಇಲಿಗಳು ಬೆಚ್ಚಗಿನ ಜಾಗ ಹುಡುಕಿ ಬರುತ್ತವೆ, ಐದು ತಿಂಗಳು ಯಾರೂ ಮುಟ್ಟದ ಕಾರು ಅವಕ್ಕೆ ಒಳ್ಳೆಯ ಮನೆ. ಬಾನೆಟ್ ಒಳಗಿನ ದಪ್ಪ ಹೊದಿಕೆಯನ್ನು ಕಿತ್ತು ಹಾಸಿಗೆ ಮಾಡಿಕೊಳ್ಳುತ್ತವೆ.

ಟಾರ್ಚ್ ಹಿಡಿದು ಮೂರು ಜಾಗ ತಪ್ಪದೆ ನೋಡಬೇಕು. ಇಂಜಿನ್ ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ತೆಗೆದು ಒಳಗೆ ನೋಡಿ. ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸ್ ಹಿಂದೆ ಇರುವ ಕ್ಯಾಬಿನ್ ಫಿಲ್ಟರನ್ನೂ ಎಳೆದು ನೋಡಿ. ಮೂರನೆಯದು ಸೈಲೆನ್ಸರ್ ಬಾಯಿ. ನಿಲ್ಲಿಸುವಾಗ ನೀವೇ ಅಲ್ಲಿ ಸ್ಟೀಲ್ ಉಣ್ಣೆ ತುರುಕಿದ್ದರೆ ಈಗ ತೆಗೆಯಿರಿ. ನಾನು ತುರುಕಿದ ದಿನವೇ ಒಂದು ಚೀಟಿ ಬರೆದು ಸ್ಟೀರಿಂಗಿಗೆ ಕಟ್ಟಿರುತ್ತೇನೆ. ಐದು ತಿಂಗಳಾದ ಮೇಲೆ ನೆನಪನ್ನು ನಂಬಬಾರದು.

ವೈರಿನ ಮೇಲೆ ಹಲ್ಲಿನ ಗುರುತು, ಒಳಗಿನ ತಾಮ್ರ ಕಂಡರೆ ಬ್ಯಾಟರಿ ಜೋಡಿಸುವ ಮುಂಚೆ ಸರಿಮಾಡಿಸಿ. ಸುಮ್ನೆ ಟೇಪ್ ಸುತ್ತಿ ಬಿಡಬೇಡಿ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉತ್ತರ ಅಮೆರಿಕದ ಡಿಯರ್ ಮೌಸ್ ಅನ್ನುವ ಇಲಿಯ ಹಿಕ್ಕೆ, ಮೂತ್ರದಲ್ಲಿ ಹಂಟಾವೈರಸ್ ಇರಬಹುದು. ಅದರ ಧೂಳು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಬರುವ ಕಾಯಿಲೆ ಅಪರೂಪ, ಆದರೆ ಜೀವಕ್ಕೇ ಅಪಾಯ. ಆದ್ದರಿಂದ ಒಣ ಹಿಕ್ಕೆಯನ್ನು ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ, ಫ್ಯಾನ್ ಹಾಕಿ ಊದಬೇಡಿ. ಬಾಗಿಲುಗಳನ್ನು ಅರ್ಧ ಗಂಟೆ ತೆರೆದಿಟ್ಟು ಗಾಳಿ ಆಡಲು ಬಿಡಿ. ರಬ್ಬರ್ ಕೈಗವಸು ಹಾಕಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಗೂಡು, ಹಿಕ್ಕೆ ಎಲ್ಲ ಒದ್ದೆಯಾಗುವ ಹಾಗೆ ಸಿಂಪಡಿಸಿ. ಐದು ನಿಮಿಷ ಬಿಟ್ಟು ಪೇಪರ್ ಟವೆಲ್ಲಿನಲ್ಲಿ ಎತ್ತಿ, ಚೀಲಕ್ಕೆ ಹಾಕಿ ಕಟ್ಟಿ ಬಿಸಾಡಿ. ಗಲೀಜಾದ ಫಿಲ್ಟರ್ ತೊಳೆಯಲು ಹೋಗಬೇಡಿ, ಹೊಸದು ಹಾಕಿ.

ಬ್ಯಾಟರಿ

ಚಳಿಗಾಲದಲ್ಲಿ ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟವರು, ಅಥವಾ ಚಾರ್ಜ್ ಇಳಿಯದಂತೆ ನೋಡಿಕೊಳ್ಳುವ ಬ್ಯಾಟರಿ ಮೆಂಟೇನರ್ ಹಾಕಿಟ್ಟವರು ಈ ಭಾಗವನ್ನು ಬೇಗ ದಾಟಬಹುದು. ಉಳಿದವರು ಮೀಟರ್ ಹಿಡಿಯಬೇಕು. ಒಂದು ಸಾಧಾರಣ ಮಲ್ಟಿಮೀಟರ್ ಸಾಕು.

ಪೂರ್ತಿ ಚಾರ್ಜ್ ಇರುವ ಮಾಮೂಲಿ ಬ್ಯಾಟರಿ 12.6ರಿಂದ 12.7 ವೋಲ್ಟ್ ತೋರಿಸುತ್ತದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಸೊರಗಿದೆ ಅಂತ. ತುಂಬಾ ದಿನ ಹಾಗೇ ಖಾಲಿ ಬಿದ್ದಿದ್ದರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿ ಕಟ್ಟಿ, ಚಾರ್ಜ್ ಹಿಡಿಯುವ ಶಕ್ತಿಯೇ ಹೋಗಿರುತ್ತದೆ.

ಬೇಸಿಗೆಯ ದೇಶದಿಂದ ಬಂದ ನಮಗೆ ತಲೆಗೆ ಹೋಗದ ಇನ್ನೊಂದು ಸಂಗತಿ ಇದೆ: ಬ್ಯಾಟರಿ ಹೆಪ್ಪುಗಟ್ಟುತ್ತದೆ. ಪೂರ್ತಿ ಚಾರ್ಜ್ ಇದ್ದರೆ ಅದರೊಳಗಿನ ಆಸಿಡ್ ಮೈನಸ್ 50ಕ್ಕೂ ಗಟ್ಟಿಯಾಗುವುದಿಲ್ಲ. ಖಾಲಿಯಾದ ಬ್ಯಾಟರಿಯಲ್ಲಿ ಉಳಿಯುವುದು ಹೆಚ್ಚು ಕಡಿಮೆ ನೀರು. ಅದು ಮೈನಸ್ 10ರ ಆಸುಪಾಸಿನಲ್ಲೇ ಗಡ್ಡೆ ಕಟ್ಟಿ ಡಬ್ಬಿಯನ್ನು ಒಡೆಯಬಹುದು. ಪಕ್ಕಗಳು ಉಬ್ಬಿವೆಯಾ, ಬಿರುಕಿದೆಯಾ ನೋಡಿ. ಇದ್ದರೆ ಚಾರ್ಜ್ ಮಾಡಬೇಡಿ, ಬೇರೆ ಕಾರಿನ ಬ್ಯಾಟರಿಯಿಂದ ಜಂಪ್ ಕೊಡಬೇಡಿ. ಸಿಡಿಯಬಹುದು. ಹೊಸದು ತನ್ನಿ.

ಚೆನ್ನಾಗಿದ್ದರೆ ನಿಧಾನವಾಗಿ ಚಾರ್ಜ್ ಮಾಡಿ. 50 ಆಂಪಿಯರ್ ಅವರ್ ಬ್ಯಾಟರಿಗೆ 5 ಆಂಪಿಯರ್ ಸಾಕು, ರಾತ್ರಿಯಿಡೀ ಆಗಲಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಹಾಗಾಗಿ ಗಾಳಿ ಆಡಬೇಕು, ಕಿಡಿ ಹತ್ತಿರ ಬರಬಾರದು. ಚಾರ್ಜರ್ ತೆಗೆದ ತಕ್ಷಣ ಮೀಟರ್ ಹಿಡಿದರೆ ಸುಳ್ಳು ಅಂಕಿ ಬರುತ್ತದೆ. ಕೆಲವು ಗಂಟೆ ಬಿಟ್ಟು ನೋಡಿ. ಆಗಲೂ 12.6 ಹತ್ತಿರ ನಿಂತಿದ್ದರೆ ಬ್ಯಾಟರಿ ಇನ್ನೂ ಜೀವಂತ.

ಬಿಚ್ಚುವಾಗ ಮೊದಲು ನೆಗೆಟಿವ್. ಜೋಡಿಸುವಾಗ ನೆಗೆಟಿವ್ ಕೊನೆಗೆ. ಟರ್ಮಿನಲ್ ಮೇಲೆ ಬೂದಿಯಂಥ ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಒರೆಸಿ.

ಪಕ್ಕದ ಮನೆಯವರ ಕಾರಿನಿಂದ ಜಂಪ್ ಕೊಟ್ಟರೆ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ, ಆದರೆ ನಾನು ಮಾಡುವುದಿಲ್ಲ. ಸತ್ತ ಬ್ಯಾಟರಿಯನ್ನು ಪೂರ್ತಿ ತುಂಬಿಸುವುದು ಇಂಜಿನ್ ಓಡುವಾಗ ಕರೆಂಟ್ ಕೊಡುವ ಆಲ್ಟರ್ನೇಟರಿನ ಕೆಲಸವಲ್ಲ, ಅದಕ್ಕೆ ಅಷ್ಟು ಹೊರೆ ಹಾಕಬಾರದು. ಬೇರೆ ದಾರಿಯೇ ಇಲ್ಲದಿದ್ದರೆ ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯದರ ಪಾಸಿಟಿವ್‌ಗೆ. ಕಪ್ಪು ಕೇಬಲ್ ಒಳ್ಳೆಯದರ ನೆಗೆಟಿವ್‌ಗೆ, ಕೊನೆಯ ತುದಿ ಸತ್ತ ಕಾರಿನ ಇಂಜಿನ್ ಹತ್ತಿರದ ಬಣ್ಣವಿಲ್ಲದ ಲೋಹಕ್ಕೆ. ಕೊನೆಯ ಕಿಡಿ ಬ್ಯಾಟರಿಯಿಂದ ದೂರ ಹಾರಲಿ ಅಂತ.

ಎಲೆಕ್ಟ್ರಿಕ್ ಕಾರು ಇಟ್ಟವರಿಗೂ ಇದು ಅನ್ವಯಿಸುತ್ತದೆ. ಓಡಿಸುವ ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ, ಒಳಗಿನ ಚಿಕ್ಕ 12 ವೋಲ್ಟ್ ಬ್ಯಾಟರಿ ಸತ್ತರೆ ಕಾರು ಏಳುವುದಿಲ್ಲ. ಅದನ್ನು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಹೇಳಿದ ಹಾಗೆ ಚಾರ್ಜ್ ಮಾಡಿ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಮುಟ್ಟಬೇಡಿ, ಅದು ಹೈ ವೋಲ್ಟೇಜ್.

ಆಯಿಲ್, ಕೂಲಂಟ್, ಪೆಟ್ರೋಲ್

ಆಯಿಲ್ ಕಡ್ಡಿ ಎಳೆಯಿರಿ. ಲೆವೆಲ್ ಎರಡು ಗುರುತಿನ ಮಧ್ಯೆ ಇರಬೇಕು. ಬಣ್ಣ ಕಪ್ಪಾಗಿದ್ದರೆ ಹೆದರಬೇಕಿಲ್ಲ. ಹಾಲು ಹಾಕಿದ ಕಾಫಿಯಂತೆ ಇದ್ದರೆ ಆಯಿಲ್‌ಗೆ ನೀರು ಸೇರಿದೆ, ಸ್ಟಾರ್ಟ್ ಮಾಡಬೇಡಿ. ನಿಲ್ಲಿಸುವ ಮುಂಚೆಯೇ ಆಯಿಲ್ ಬದಲಾಯಿಸುವುದು ಒಳ್ಳೆಯ ಪದ್ಧತಿ, ಯಾಕೆಂದರೆ ಓಡಿದ ಆಯಿಲ್‌ನಲ್ಲಿ ಸೇರಿದ ಆಮ್ಲ ಚಳಿಗಾಲವಿಡೀ ಬೇರಿಂಗುಗಳ ಮೇಲೆ ಕೂತಿರುತ್ತದೆ. ನವೆಂಬರ್‌ನಲ್ಲಿ ಆಗಿರದಿದ್ದರೆ ಈಗ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿಬಿಡಿ.

ಕೂಲಂಟ್ ಲೆವೆಲ್ ಡಬ್ಬಿಯ ಹೊರಗಿನಿಂದಲೇ ಕಾಣುತ್ತದೆ. ಕಡಿಮೆ ಇದ್ದರೆ ಪುಸ್ತಕದಲ್ಲಿ ಹೇಳಿದ ಬಗೆಯದ್ದನ್ನೇ ಹಾಕಿ. ಅರ್ಧ ನೀರು ಅರ್ಧ ಗ್ಲೈಕಾಲ್ ಇದ್ದರೆ ಮೈನಸ್ 37ರ ತನಕ ಗಟ್ಟಿಯಾಗುವುದಿಲ್ಲ. ಬರೀ ನಲ್ಲಿ ನೀರು ತುಂಬಿಸುವ ಊರಿನ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಇಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯುವುದಂತೂ ಯಾವ ಊರಲ್ಲೂ ಬೇಡ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 (DOT 4) ದರ್ಜೆಯ ಆಯಿಲ್ 230 ಡಿಗ್ರಿವರೆಗೂ ಕುದಿಯಬಾರದು ಅಂತ ನಿಯಮ. ತೇವ ಕುಡಿದ ಮೇಲೆ ಆ ಅಂಕಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಒತ್ತಿ ಒತ್ತಿ ಬಿಸಿಯಾದಾಗ ಅದು ಕುದ್ದು ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ನಿಂತ ಕಾರು ಕಿಲೋಮೀಟರ್ ಓಡಿಲ್ಲ ಅಂತ ಇದನ್ನು ಮುಂದೂಡಬಾರದು. ಇದಕ್ಕೆ ವಯಸ್ಸಾಗುವುದು ಕ್ಯಾಲೆಂಡರಿನ ಪ್ರಕಾರ.

ಪೆಟ್ರೋಲ್ ಅನ್ನು ಇಲ್ಲಿ ಗ್ಯಾಸ್ ಅನ್ನುತ್ತಾರೆ. ಅದರಲ್ಲಿ ಎಥನಾಲ್ ಬೆರೆತಿರುತ್ತದೆ. ಎಥನಾಲ್ ತೇವ ಹೀರುತ್ತದೆ, ಜಾಸ್ತಿ ನೀರು ಸೇರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿದುಬಿಡುತ್ತವೆ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ, ಆಮೇಲೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿದ್ದರೆ ಐದಾರು ತಿಂಗಳಿಗೆ ಯೋಚನೆ ಇಲ್ಲ. ಏನೂ ಹಾಕದೆ ಕಾಲು ಟ್ಯಾಂಕಿನಲ್ಲಿ ನಿಲ್ಲಿಸಿದ್ದರೆ ಮುಚ್ಚಳ ತೆಗೆದು ಮೂಸಿ. ವಾರ್ನಿಶ್ ಥರ ಹುಳಿ ವಾಸನೆ ಬಂದರೆ ಹಳೆಯದನ್ನು ತೆಗೆಸಿಬಿಡಿ. ವಾಸನೆ ಸರಿ ಇದ್ದರೆ ಮೊದಲ ಓಟದಲ್ಲೇ ಹೊಸ ಪೆಟ್ರೋಲ್ ತುಂಬಿಸಿ.

ಟೈರು

ಟೈರಿನ ಗಾಳಿ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿಯೇ ಇಳಿಯುತ್ತದೆ. ಜೊತೆಗೆ ಉಷ್ಣಾಂಶ ಐದೂವರೆ ಡಿಗ್ರಿ ಕಡಿಮೆಯಾದರೆ ಇನ್ನೊಂದು ಪಿಎಸ್‌ಐ ಹೋಗುತ್ತದೆ. ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಎಷ್ಟು ಬೇಕು ಅಂತ ಇರುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವುದು ಆ ಟೈರು ತಡೆಯುವ ಗರಿಷ್ಠ ಒತ್ತಡ, ಅದನ್ನು ನೋಡಿ ತುಂಬಬೇಡಿ. ನಿಲ್ಲಿಸುವಾಗ ಬೇಕಂತಲೇ ಜಾಸ್ತಿ ಗಾಳಿ ತುಂಬಿದವರು ಈಗ ಇಳಿಸುವುದನ್ನು ಮರೆಯಬೇಡಿ. ಕಾರು ಕದಲಿಸುವ ಮುಂಚೆಯೇ ಗಾಳಿ ಸರಿಮಾಡಿಕೊಳ್ಳಿ. ಮನೆಯಲ್ಲಿ ಚಿಕ್ಕ ಪಂಪ್ ಇದ್ದರೆ ಇದು ಐದು ನಿಮಿಷದ ಕೆಲಸ.

ಪಕ್ಕಗಳಲ್ಲಿ ಸಣ್ಣ ಬಿರುಕಿನ ಜಾಲ ಇದೆಯಾ ನೋಡಿ. ಅಲ್ಲೇ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಯಲ್ಲಿ ಟೈರಿನ ಜಾತಕ ಇದೆ. 2319 ಅಂದರೆ 2019ರ 23ನೇ ವಾರ ಮಾಡಿದ್ದು. ಕಡಿಮೆ ಓಡುವ ಕಾರಿನ ಟೈರು ಸವೆಯುವ ಮುಂಚೆ ಮುದಿಯಾಗುತ್ತದೆ. ಮೇಲಿನ ಹೂವು, ಅಂದರೆ ಟ್ರೆಡ್, ಇನ್ನೂ ಚೆನ್ನಾಗಿದೆ ಅಂತ ಹತ್ತು ವರ್ಷದ ಟೈರನ್ನು ಹೈವೇಗೆ ಒಯ್ಯಬಾರದು.

ಚಕ್ರ ಬದಲಾಯಿಸಿದ್ದರೆ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ, ಅಂದರೆ ಎಷ್ಟು ಬಲಕ್ಕೆ ಬಿಗಿಯಾಯಿತು ಅಂತ ತಿಳಿಸುವ ಸ್ಪ್ಯಾನರಿನಲ್ಲಿ, ಬಿಗಿ ಮಾಡಿ. ತುಂಬಾ ಕಾರುಗಳಲ್ಲಿ 100ರಿಂದ 120 ನ್ಯೂಟನ್ ಮೀಟರ್ ಇರುತ್ತದೆ, ನಿಮ್ಮ ಕಾರಿನದು ಪುಸ್ತಕದಲ್ಲಿ ನೋಡಿ.

ಬ್ರೇಕ್

ಊರಲ್ಲಿ ಕಾರು ನಿಲ್ಲಿಸಿದ ತಕ್ಷಣ ಹ್ಯಾಂಡ್ ಬ್ರೇಕ್ ಎಳೆಯುವುದು ಕೈಗೆ ಬಂದ ಅಭ್ಯಾಸ. ಮೊದಲ ವರ್ಷ ನಾನೂ ಎಳೆದೇ ನಿಲ್ಲಿಸಿದ್ದೆ. ಏಪ್ರಿಲ್‌ನಲ್ಲಿ ಲಿವರ್ ಇಳಿಸಿದೆ, ಕಾರು ಕದಲಲಿಲ್ಲ. ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ಢಬ್ ಅಂತ ಸದ್ದಾಗಿ ಬಿಟ್ಟುಕೊಂಡಿತು, ಆದರೆ ಹಿಂದಿನ ಬಲ ಚಕ್ರದ ಬ್ರೇಕ್ ಪ್ಯಾಡಿನ ಪದರ ಕಿತ್ತು ಡಿಸ್ಕಿಗೆ ಅಂಟಿಕೊಂಡು ಉಳಿಯಿತು. ಎರಡೂ ಕಡೆಯ ಪ್ಯಾಡ್, ಡಿಸ್ಕ್ ಬದಲಾಯಿಸಬೇಕಾಯಿತು. ಈಗ ಚಕ್ರಗಳಿಗೆ ಅಡೆ ಇಟ್ಟು, ಗೇರಿನಲ್ಲಿ ನಿಲ್ಲಿಸುತ್ತೇನೆ. ಹ್ಯಾಂಡ್ ಬ್ರೇಕ್ ಮುಟ್ಟುವುದಿಲ್ಲ.

ನಿಮ್ಮದು ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ. ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ತೂಗಿ. ಬಿಡದಿದ್ದರೆ ಜ್ಯಾಕ್ ಹಾಕಿ, ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ, ಬ್ರೇಕ್ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಕೈ ಹಾಕಬೇಡಿ. ಡಿಸ್ಕ್ ಮೇಲೆ ಕಾಣುವ ತೆಳು ಕಿತ್ತಳೆ ತುಕ್ಕಿಗೆ ಚಿಂತೆ ಬೇಡ, ಹತ್ತು ಹದಿನೈದು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಉಗುರಿಗೆ ತಾಗುವಷ್ಟು ಆಳವಾಗಿ ತುಕ್ಕು ಕೊರೆದಿದ್ದರೆ ಡಿಸ್ಕ್ ಬದಲಾಯಿಸಬೇಕು.

ಇಂಜಿನ್ ಆಫ್ ಇರುವಾಗಲೇ ಪೆಡಲನ್ನು ನಾಲ್ಕೈದು ಸಲ ಒತ್ತಿ ನೋಡಿ. ಒತ್ತುತ್ತಾ ಹೋದ ಹಾಗೆ ಗಟ್ಟಿಯಾಗಬೇಕು, ಒತ್ತಿ ಹಿಡಿದರೆ ನಿಂತಲ್ಲೇ ನಿಲ್ಲಬೇಕು. ಮೆಲ್ಲಗೆ ಕೆಳಗೆ ಜಾರುತ್ತಿದ್ದರೆ ಆ ಕಾರು ಅವತ್ತು ಹೊರಗೆ ಹೋಗುವುದಿಲ್ಲ.

ಬೆಲ್ಟು ಬಿರುಕು ಬಿಟ್ಟಿದೆಯಾ, ರಬ್ಬರ್ ಹೋಸ್ ಹಿಸುಕಿದರೆ ಕಡ್ಡಿಯಂತೆ ಗಟ್ಟಿ ಇದೆಯಾ, ವೈಪರ್ ರಬ್ಬರ್ ಗಾಜಿಗೆ ಅಂಟಿದೆಯಾ, ಇದನ್ನೆಲ್ಲ ಹಾಗೇ ಓಡಾಡುತ್ತಾ ನೋಡಿಬಿಡಿ.

ಈಗ ಕೀ

ಸಾಧ್ಯವಾದರೆ ಕಾರನ್ನು ಗ್ಯಾರೇಜಿನಿಂದ ಹೊರಗೆ ತಳ್ಳಿ. ಇಬ್ಬರಿದ್ದರೆ ಸಾಕು, ತಳ್ಳುವಾಗಲೇ ಚಕ್ರ ಸಲೀಸಾಗಿ ಉರುಳುತ್ತಿದೆಯಾ ಅಂತಲೂ ಗೊತ್ತಾಗುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಬಾಗಿಲು ತೆರೆದಿದ್ದರೂ ಅದು ಒಳಮನೆಗೆ ಹೋಗಬಹುದು.

ಐದು ತಿಂಗಳಲ್ಲಿ ಇಂಜಿನ್ ಮೇಲ್ಭಾಗದ ಆಯಿಲ್ ಎಲ್ಲ ಕೆಳಗೆ ಇಳಿದಿರುತ್ತದೆ. ಹಾಗಾಗಿ ಇಂಜಿನ್ ಹತ್ತಿಕೊಳ್ಳುವ ಮುಂಚೆ ಒಮ್ಮೆ ಆಯಿಲ್ ಮೇಲೆ ಏರಿಸುವುದು ನನ್ನ ಪದ್ಧತಿ. ಫ್ಯೂಯಲ್ ಇಂಜೆಕ್ಷನ್ ಇರುವ ತುಂಬಾ ಕಾರುಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ನೆಲಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಪೆಟ್ರೋಲ್ ಸರಬರಾಜು ನಿಲ್ಲುತ್ತದೆ. ಇಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ, ಆಯಿಲ್ ಪಂಪ್ ಮಾತ್ರ ಕೆಲಸ ಮಾಡುತ್ತದೆ. ಐದಾರು ಸೆಕೆಂಡ್ ಸಾಕು. ನಿಮ್ಮ ಕಾರಿನಲ್ಲಿ ಈ ಸೌಲಭ್ಯ ಇದೆಯಾ ಅಂತ ಪುಸ್ತಕದಲ್ಲಿ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಈ ಹೆಜ್ಜೆ ಬಿಟ್ಟು ಮುಂದೆ ಹೋಗಿ. ಅರ್ಧ ನಿಮಿಷ ಬಿಟ್ಟು, ಪೆಡಲಿನಿಂದ ಕಾಲು ತೆಗೆದು, ಮಾಮೂಲಿನಂತೆ ಸ್ಟಾರ್ಟ್ ಮಾಡಿ.

ಹತ್ತಿಕೊಂಡ ಕೂಡಲೇ ಆಯಿಲ್ ದೀಪದ ಮೇಲೆ ಕಣ್ಣಿಡಿ. ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಆಫ್ ಮಾಡಿ. ಮೊದಲ ಕೆಲವು ಸೆಕೆಂಡ್ ಟಕಟಕ ಸದ್ದು ಬಂದು ನಿಂತರೆ ಸಹಜ. ಸೈಲೆನ್ಸರಿನಿಂದ ಬಿಳಿ ಆವಿ, ನೀರಿನ ಹನಿ ಬರುವುದೂ ಸಹಜ. ಇಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಕೂಲಂಟ್ ಉರಿಯುತ್ತಿದೆ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್. ರೇಸ್ ಮಾಡಬೇಡಿ, ಆ ತಣ್ಣಗಿನ ಇಂಜಿನ್ ಮೇಲೆ ದಯವಿರಲಿ.

ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಹಿಡಿದರೆ 13.7ರಿಂದ 14.7 ವೋಲ್ಟ್ ಒಳಗೆ ಇರಬೇಕು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ಏರಿಳಿಸುತ್ತದೆ. ಬ್ಯಾಟರಿ ಬಿಚ್ಚಿ ಹಾಕಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಒಂದೆರಡು ದೀಪ ಉರಿಯಬಹುದು. ಸ್ಟೀರಿಂಗ್ ಸೆನ್ಸರಿನ ದೀಪ ಸ್ವಲ್ಪ ದೂರ ಓಡಿಸಿದರೆ ಆರುತ್ತದೆ. ಕಿಟಕಿಯ ಗಾಜು ತಾನಾಗಿ ಪೂರ್ತಿ ಏರದಿದ್ದರೆ ಅದಕ್ಕೂ ರೀಸೆಟ್ ಇದೆ.

ಮೊದಲ ಓಟ

ಸ್ಟಾರ್ಟ್ ಮಾಡಿ ಅರ್ಧ ಗಂಟೆ ನಿಂತಲ್ಲೇ ಬಿಡುವ ರೂಢಿ ಕೆಲವರಿಗಿದೆ. ಅದರಿಂದ ಉಪಯೋಗ ಕಡಿಮೆ. ಆಯಿಲ್‌ನಲ್ಲಿ, ಸೈಲೆನ್ಸರಿನಲ್ಲಿ ಸೇರಿದ ತೇವ ಆವಿಯಾಗಿ ಹೋಗಬೇಕಾದರೆ ಕಾರು ಓಡಬೇಕು. ಎಲ್ಲ ಲೈಟು, ಇಂಡಿಕೇಟರ್, ಬ್ರೇಕ್ ಲೈಟ್ ಒಬ್ಬರನ್ನು ಹಿಂದೆ ನಿಲ್ಲಿಸಿ ನೋಡಿಸಿಕೊಂಡು ಹೊರಡಿ. ನಿಂಬೆಹಣ್ಣು ಇಡುವವರು ಇಡಿ, ನಮ್ಮ ಮನೆಯಲ್ಲಿ ಇಡುತ್ತೇವೆ.

ಬೀದಿ ದಾಟುವ ಮುಂಚೆಯೇ ನಡಿಗೆಯ ವೇಗದಲ್ಲಿ ಒಮ್ಮೆ ಬ್ರೇಕ್ ಒತ್ತಿ. ಕರಕರ ಸದ್ದು ಮೊದಲು ಇರುತ್ತದೆ, ಹೋಗುತ್ತಾ ಕಡಿಮೆಯಾಗಬೇಕು. ಒಂದೇ ಪಕ್ಕಕ್ಕೆ ಎಳೆದರೆ ವಾಪಸ್ ಬನ್ನಿ. ಕ್ಲಚ್ ಪೂರ್ತಿ ಒತ್ತಿದರೂ ಗೇರ್ ಬೀಳದಿದ್ದರೆ ಕ್ಲಚ್ ಪ್ಲೇಟ್ ತುಕ್ಕಿಗೆ ಅಂಟಿಕೊಂಡಿರಬಹುದು, ಅದನ್ನು ಮೆಕ್ಯಾನಿಕ್‌ಗೆ ಬಿಡಿ. ಹೊರಟ ಮೇಲೆ ಸ್ಟೀರಿಂಗ್ ಧಡಧಡ ಅಂದರೆ ನಿಂತ ಭಾರಕ್ಕೆ ಟೈರಿನ ತಳ ಚಪ್ಪಟೆಯಾಗಿದೆ. 20, 30 ಕಿಲೋಮೀಟರ್ ಓಡಿ ಟೈರು ಬಿಸಿಯಾದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೈವೇ ಬೇಡ, ಮನೆಯ ಸುತ್ತಮುತ್ತಲೇ ಓಡಿಸಿ. ಹಿಮ ಕರಗಿ ಹೆಪ್ಪುಗಟ್ಟಿ ರಸ್ತೆಯೂ ಗುಂಡಿ ಬಿದ್ದಿರುವ ಕಾಲ ಇದು. ಟಾಪ್ ತೆಗೆಯುವ ಕಾರಾದರೆ ಚೆನ್ನಾಗಿ ಬಿಸಿಲು ಬರುವ ತನಕ ತಡೆಯಿರಿ, ತಣ್ಣಗಿರುವಾಗ ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಡಚಿದರೆ ಸೀಳುತ್ತದೆ.

ವಾಪಸ್ ಬಂದು ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಪಕ್ಕದ ಜೋಡಿಗಿಂತ ಒಂದು ಚಕ್ರ ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಬಿಟ್ಟಿಲ್ಲ. ಕೆಳಗೆ ಹೊಸ ರಟ್ಟು ಹಾಸಿ, ಮಾರನೇ ದಿನ ನೋಡಿ. ಚಕ್ರ ಬದಲಾಯಿಸಿದವರು 80ರಿಂದ 100 ಕಿಲೋಮೀಟರ್ ಆದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಬೇಕು.

ಡಿಸೆಂಬರ್‌ನಲ್ಲಿ ಊರಿಗೆ ಹೋಗಿ ಎರಡು ಮೂರು ತಿಂಗಳು ಇದ್ದು ಬರುವವರ ದಿನಬಳಕೆಯ ಕಾರಿಗೂ ಹೆಚ್ಚು ಕಡಿಮೆ ಇದೇ ದಾರಿ, ಅದರಲ್ಲೂ ಬಯಲಲ್ಲಿ ನಿಲ್ಲಿಸಿದ್ದರೆ. ವಿಮಾನ ಇಳಿದ ದಿನ ನಿದ್ದೆಗಣ್ಣಿನಲ್ಲಿ ಅದನ್ನು ಸ್ಟಾರ್ಟ್ ಮಾಡಲು ಹೋಗಬೇಡಿ. ಟ್ಯಾಕ್ಸಿ ಹಿಡಿದು ಮನೆಗೆ ಬನ್ನಿ. ಬೆಳಿಗ್ಗೆ ಹಿಮ ಸರಿಸಿ, ಸೈಲೆನ್ಸರ್ ಬಾಯಿಯಲ್ಲಿ ಹಿಮ ತುಂಬಿಲ್ಲ ಅಂತ ನೋಡಿಕೊಂಡು, ಬಾನೆಟ್ ಎತ್ತಿ ಬ್ಯಾಟರಿಗೆ ಮೀಟರ್ ಹಿಡಿಯಿರಿ.